ತುಂಗಿ ಇಳಿದ ಮೇಲೆ

ನಮ್ಮ ಊರಿಗೆ ಹೊಸ ನಮೂನೆಯೊಂದು ಬಂದರೆ ಅದು ಮೂರನೆಯ ದಿನಕ್ಕೆ ಎಲ್ಲರದ್ದೂ ಆಗಿರುತ್ತದೆ. ನಲವತ್ತು ದಿನ ಇರುತ್ತದೆ. ನಲವತ್ತೊಂದನೆಯ ದಿನ ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟಿರುತ್ತದೆ. ಇದಕ್ಕೆ ನಮ್ಮಲ್ಲಿ ತುಂಗಿ ಎನ್ನುತ್ತಾರೆ. ತುಂಗಿ ಹತ್ತುತ್ತದೆ, ತುಂಗಿ ಇಳಿಯುತ್ತದೆ. ಹುಡುಗಿಯೊಬ್ಬಳು ಇಂಥವನನ್ನೇ ಮದುವೆಯಾಗುತ್ತೇನೆ ಎಂದು ಹಟ ಹಿಡಿದರೆ ಅಪ್ಪ, "ತುಂಗಿ ಇದ್ದೀತು, ಎರಡು ತಿಂಗಳು ತಡಿ" ಎನ್ನುತ್ತಾನೆ. ಯಾರಾದರೂ ಒಂದು ವಾರದಿಂದ ಬೆಳಿಗ್ಗೆ ಬೇಗ ಎದ್ದು ವಾಕಿಂಗ್ ಹೊರಟಿದ್ದರೆ ಎದುರಿಗೆ ಬಂದವರು, "ಇದು ನಿಮ್ಮೊಬ್ಬರದಽ ತುಂಗಿ ಏನ್ರೀ" ಎಂದು ಕೇಳಿ ನಕ್ಕು ಮುಂದೆ ಹೋಗುತ್ತಾರೆ.

ಒಂದು ವರ್ಷ ಗಂಡಸರೆಲ್ಲ ಎರಡೂ ಕೈಗೆ ಗಡಿಯಾರ ಕಟ್ಟಿಕೊಂಡರು. ಎರಡರಲ್ಲೂ ಒಂದೇ ಹೊತ್ತು ಇರಬಾರದೆಂಬುದು ಅದರ ಅಂದ. ಇನ್ನೊಂದು ವರ್ಷ ಊರಿಗೆ ಊರೇ ಊಟಕ್ಕೆ ಕೂತ ತಕ್ಷಣ ಮಜ್ಜಿಗೆ ಅನ್ನ ಉಂಡು, ಆಮೇಲೆ ಸಾರು, ಕೊನೆಗೆ ಉಪ್ಪಿನಕಾಯಿ ನೆಕ್ಕಿ ಏಳುತ್ತಿತ್ತು. ಬೇಡವೆಂದು ದೂರ ನಿಂತವರಿಗೆ ಬಿಕ್ಕಳಿಕೆ ಬರುತ್ತದೆ. ದೊಡ್ಡ ತೊಂದರೆಯೇನೂ ಅಲ್ಲ, ಆದರೆ ತುಂಗಿ ಇಳಿಯುವವರೆಗೆ ಅದೂ ನಿಲ್ಲುವುದಿಲ್ಲ. ನಲವತ್ತು ದಿನ ಬಿಕ್ಕುವುದಕ್ಕಿಂತ ಎರಡು ಗಡಿಯಾರ ಕಟ್ಟಿಕೊಳ್ಳುವುದೇ ಸುಲಭ ಎಂದು ಜನ ಒಪ್ಪಿಕೊಂಡುಬಿಡುತ್ತಾರೆ. ಮೋದಿನಸಾಬರ ಹೊಲಿಗೆ ಅಂಗಡಿಯಲ್ಲಿ ಎಲ್ಲ ಬಟ್ಟೆಗೂ ಕಚ್ಚಾ ಹೊಲಿಗೆ. ಒಂದು ದಾರ ಎಳೆದರೆ ತೋಳು ಬಿಚ್ಚಿ ಕೈಗೆ ಬರಬೇಕು. ಲಗ್ನದ ದಿನ ಗೊತ್ತು ಮಾಡುವಾಗ ಪಂಚಾಂಗ ನೋಡಿದ ಮೇಲೆ ಈಗ ಯಾವ ತುಂಗಿ ನಡೆದಿದೆ, ಎಷ್ಟನೆಯ ದಿನ ಎಂದೂ ನೋಡುತ್ತಾರೆ. ನಮ್ಮ ಹೆಡ್‌ಮಾಸ್ತರರು ನೋಡಿರಲಿಲ್ಲ. ಹುಬ್ಬಿಗೆ ಸುಣ್ಣ ಬಳಿದುಕೊಳ್ಳುವ ತುಂಗಿಯಲ್ಲಿ ಅವರ ಮದುವೆಯಾಯಿತು. ಫೋಟೊ ಈಗಲೂ ಕಪಾಟಿನ ಹಿಂದೆ ಗೋಡೆಯ ಕಡೆ ಮುಖ ಮಾಡಿಕೊಂಡಿದೆ.

ನಾನು ಆ ಹೆಡ್‌ಮಾಸ್ತರರ ಹೈಸ್ಕೂಲಿನಲ್ಲೇ ಕನ್ನಡ ಕಲಿಸುತ್ತೇನೆ. ಹೆಸರು ವತ್ಸಲಾ, ವಯಸ್ಸು ನಲವತ್ತಾರು. ಮನೆಯಲ್ಲಿ ನಾನು ಮತ್ತು ನನ್ನ ಅವ್ವ ಚಂಪವ್ವ, ಇಬ್ಬರೇ. ತುಂಗಿಯ ವಿಷಯದಲ್ಲಿ ನನ್ನ ಅವ್ವನಷ್ಟು ಚುರುಕಿನವರು ಊರಲ್ಲಿ ಇನ್ನೊಬ್ಬರಿಲ್ಲ. ಊರು ಮೂರನೆಯ ದಿನಕ್ಕೆ ಹಿಡಿದರೆ ಅವಳು ಮೊದಲನೆಯ ದಿನ ಸಂಜೆಗೇ ಹಿಡಿದಿರುತ್ತಾಳೆ. ಎಪ್ಪತ್ತೊಂದರ ವಯಸ್ಸಿನಲ್ಲಿ, ಕೊಡೆಗೆ ಗೆಜ್ಜೆ ಕಟ್ಟುವ ತುಂಗಿ ಬಂದಾಗ, ಮಳೆಯಿಲ್ಲದ ದಿನವೂ ಝಲ್ ಝಲ್ ಎನ್ನಿಸುತ್ತ ಸಂತೆಗೆ ಹೋಗಿ ಬಂದಳು. ಇಳಿಯುವ ದಿನವೂ ಅಷ್ಟೇ. ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಗೆಜ್ಜೆ ಬಿಚ್ಚಿ ಡಬ್ಬಿಗೆ ಹಾಕಿ, ಯಾವ ಗೆಜ್ಜೆ ಎನ್ನುವಂತೆ ಚಹಾ ಕಾಸುತ್ತಿದ್ದಳು.

ಪುರಸಭೆಗೆ ನೂರು ವರ್ಷ ತುಂಬಿದ ನೆಪದಲ್ಲಿ ಊರಿನ ಮಾತುಗಳದ್ದೇ ಒಂದು ಪದಕೋಶ ಮಾಡಿಸಬೇಕೆಂದು ಠರಾವಾಯಿತು. ಬರೆಯುವ ಕೆಲಸ ನನಗೆ ಬಂತು. ಸಲಹೆಗಾರರಾಗಿ ಇಬ್ಬರನ್ನು ಕೊಟ್ಟರು. ಒಬ್ಬರು ಸಂಸ್ಕೃತ ಪಂಡಿತರಾದ ಧೋಂಡಾಚಾರ್ಯರು. ಇನ್ನೊಬ್ಬರು ನಾಟಿ ವೈದ್ಯರಾದ ಫಕೀರಪ್ಪ, ಗಿಡಮರಗಳ ಹೆಸರಿಗೆ ಅವರು ಬೇಕಿತ್ತು. ನಾಲ್ಕು ತಿಂಗಳು ಕೆಲಸ ಸುಗಮವಾಗಿ ಸಾಗಿತು. 'ತ' ಅಕ್ಷರಕ್ಕೆ ಬಂದು ನಿಂತಿತು. ಪ್ರತಿಯೊಂದು ಪದಕ್ಕೂ ಅರ್ಥ, ಮೂಲ, ಬಳಕೆ ಎಂದು ಮೂರು ಭಾಗ ಬರೆಯಬೇಕಿತ್ತು. ತುಂಗಿಯ ಅರ್ಥ ಯಾರನ್ನೂ ಕೇಳಬೇಕಾಗಿರಲಿಲ್ಲ. ಬಳಕೆಗೆ ಬೀದಿಯಲ್ಲಿ ಹತ್ತು ಹೆಜ್ಜೆ ನಡೆದರೆ ಸಾಕಿತ್ತು. ತೊಡಕಾದದ್ದು ಮೂಲ.

ಅದಕ್ಕಾಗಿ ಸಭೆ ನಡೆದದ್ದು ಪಿಸುಮಾತಿನ ತುಂಗಿಯ ಹನ್ನೊಂದನೆಯ ದಿನ. ಆ ದಿನಗಳಲ್ಲಿ ಊರಿನಲ್ಲಿ ಯಾರೂ ದನಿ ಎತ್ತಿ ಮಾತಾಡುತ್ತಿರಲಿಲ್ಲ. ತರಕಾರಿ ಮಾರುವವಳು ಕೂಡ ಮನೆಮನೆಯ ಕಿಟಕಿಗೆ ಬಾಯಿ ಹಚ್ಚಿ "ಮೆಂತೆ ಪಲ್ಯ" ಎಂದು ಗುಟ್ಟು ಹೇಳಿದಂತೆ ಹೇಳಿ ಹೋಗುತ್ತಿದ್ದಳು. ಆಚಾರ್ಯರು ಮೇಜಿನ ಮೇಲೆ ಬಾಗಿ, ನನ್ನ ಕಿವಿಯ ಹತ್ತಿರ, "ತುಂಗ ಅಂದ್ರ ಎತ್ತರ. ಉತ್ತುಂಗ ಅಂತೀವಲ್ಲ, ಅದು. ತೆರಿ ಎತ್ತರಕ್ಕ ಏಳ್ತದ, ಬೀಳ್ತದ. ತುಂಗದಿಂದ ತುಂಗಿ. ಇದರಾಗ ನೋಡೋದು ಮತ್ತೇನದ" ಎಂದರು.

ಫಕೀರಪ್ಪ ನನ್ನ ಇನ್ನೊಂದು ಕಿವಿಗೆ ಬಂದರು. "ಅಕ್ಕೋರ, ಆಚಾರ್ರು ಹೊಲಕ್ಕ ಕಾಲಿಟ್ಟವರಲ್ಲ. ತುಂಗಿ ಹುಲ್ಲು ಅಂತ ಇರತೈತಿ. ಒಂದ್ ಮಳಿ ಬಿದ್ರ ಮೂರ್ ದಿನಕ್ಕ ಹೊಲಾ ತುಂಬತೈತಿ. ಇಲ್ಲಿ ಕಿತ್ರ ಅಲ್ಲಿ ಏಳತೈತಿ. ಹೆಸರು ಅದರದು."

"ಹುಲ್ಲಿನಿಂದ ಭಾಷಾ ಹುಟ್ಟೋದಿಲ್ಲ" ಎಂದು ಆಚಾರ್ಯರು ಉಸಿರಿನಲ್ಲೇ ಸಿಡಿದರು.

"ಭಾಷಾ ತಿಂದು ಬದುಕಿದ ದನಾ ನಾನೂ ನೋಡಿಲ್ರಿ" ಎಂದು ಫಕೀರಪ್ಪ ಅಷ್ಟೇ ಮೆತ್ತಗೆ ಹೇಳಿದರು.

ಒಂದು ತಾಸು ಹೀಗೆ ನಡೆಯಿತು. ಇಬ್ಬರ ಕತ್ತಿನ ನರ ಉಬ್ಬಿತ್ತು, ಮುಖ ಕೆಂಪಾಗಿತ್ತು, ಕೋಣೆಯಲ್ಲಿ ಮಾತ್ರ ಫ್ಯಾನಿನ ಸದ್ದೇ ದೊಡ್ಡದಾಗಿತ್ತು. ಹೊರಗೆ ಕೂತಿದ್ದ ಜವಾನ, ಒಳಗೆ ಮೂವರೂ ಬಹಳ ಪ್ರೀತಿಯಿಂದ ಮಾತಾಡುತ್ತಿದ್ದಾರೆಂದು ತಿಳಿದು ಚಹಾ ತಂದಿಟ್ಟ.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ತಲೆಯೆತ್ತದೆ, "ಫಕೀರಪ್ಪ ಹೇಳಿದ್ದು ಖರೇ. ಹುಲ್ಲಿಂದ ಬಂದೈತಿ ಅಂತ ಬರಿ" ಎಂದು ಪಿಸುಗುಟ್ಟಿದಳು. ಎರಡು ದಿನ ಬಿಟ್ಟು ತಾನಾಗಿಯೇ ಮಾತು ತೆಗೆದು, "ಆಚಾರ್ರು ಓದಿದವರು. ಅವರು ಹೇಳಿದಂಗ ಬರದು ಮುಗಿಸು, ಒಂದ್ ಶಬ್ದಕ್ಕ ಎಷ್ಟ್ ದಿನಾ ಕೂಡ್ತಿ" ಎಂದಳು. ನನ್ನ ಪದಕೋಶದಲ್ಲಿ ಏನಿದೆಯೆಂದು ಅಲ್ಲಿಯವರೆಗೆ ಒಂದು ಸಲವೂ ಕೇಳದವಳು ಇದೊಂದು ಪದ ಬೇಗ ಮುಗಿಯಲೆಂದು ಆತುರಪಡುವುದು ನನಗೆ ವಿಚಿತ್ರವೆನಿಸಿತು. ಆದರೆ ಅವ್ವನ ಆತುರಕ್ಕೆ ಕಾರಣ ಹುಡುಕುವ ಅಭ್ಯಾಸ ನನಗಿರಲಿಲ್ಲ.

ಪಿಸುಮಾತು ಇಳಿದ ಮೇಲೆ ಒಂದು ದಿನ ಮೋದಿನಸಾಬರ ಅಂಗಡಿಗೆ ಹೋದೆ. ಹೊಲಿಗೆಯವರ ಮಾತುಗಳು ನನಗೆ ಬೇಕಿದ್ದವು. ಮೋದಿನಸಾಬರು ಅವರ ತಂದೆಯ ಕಾಲದ ಅಳತೆ ಬುಕ್ಕು ತೆಗೆದುಕೊಟ್ಟರು. ಪ್ರತಿಯೊಂದು ಹೊಸ ನಮೂನೆಗೂ ಅವರ ತಂದೆ ಒಂದು ಚೂರು ಬಟ್ಟೆ ಅಂಟಿಸಿ, ಕೆಳಗೆ ಎರಡು ಸಾಲು ಬರೆದಿದ್ದರು. ಹಳೆಯ ಪುಟಗಳಲ್ಲಿ ತುಂಗಿ ಎಂಬ ಮಾತೇ ಇರಲಿಲ್ಲ. 'ಹೊಸ ಹವಾ: ಕಾಲರಿಗೆ ಜರಿ', 'ಹೊಸ ಹವಾ: ಧೋತರಕ್ಕೆ ಕಿಸೆ' ಎಂದೇ ಇತ್ತು. ಹಾಳೆ ಮಗುಚುತ್ತ ಐವತ್ತೆರಡು ವರ್ಷ ಹಿಂದಿನ ಒಂದು ಪುಟಕ್ಕೆ ಬಂದೆ. ನಸುಗೆಂಪು ಖಣದ ಚೂರು ಅಂಟಿಸಿತ್ತು. 'ತುಂಗವ್ವನ ಹವಾ. ಸೆರಗು ಬಲಗೈಗೆ ಸುತ್ತೂದು. ಕುಬಸದ ಬಲತೋಳು ಮುಂಗೈತನಕ.' ಮುಂದಿನ ಪುಟದಲ್ಲಿ, 'ಎರಡನೇ ತುಂಗಿ: ಕೋಟಿಗೆ ಬೆನ್ನಿಗೆ ಗುಂಡಿ.' ಅದರ ಮುಂದಿನ ಪುಟದಿಂದ ಬರೀ 'ತುಂಗಿ'. 'ಹವಾ' ಮತ್ತೆ ಬರಲೇ ಇಲ್ಲ.

"ಈ ತುಂಗವ್ವ ಯಾರ್ರೀ?" ಎಂದೆ.

ಮೋದಿನಸಾಬರು ಕನ್ನಡಕ ತೆಗೆದು ಒರೆಸಿದರು. "ನಾ ಆಗ ಸಣ್ಣಾವ್ರಿ ಅಕ್ಕೋರ. ಗಿರಣಿ ಮನಿಗೆ ಲಗ್ನ ಆಗಿ ಬಂದಿದ್ದ ಹೆಣಮಗಳು. ಮುಂದ ಆ ಹೆಸರಿನವರು ಯಾರೂ ಕಾಣಲಿಲ್ಲ. ಏನಾತೋ."

ಗಿರಣಿ ಮನೆ ಎಂದರೆ ಹಿಟ್ಟಿನ ಗಿರಣಿಯವರ ಮನೆ. ಅಲ್ಲಿ ಈಗ ಇರುವ ಹಿರಿಯ ಹೆಂಗಸು ಸಾವಂತ್ರೆವ್ವ. ಊರಿಗೆಲ್ಲ ಶಾವಿಗೆ ಮಾಡಿಕೊಡುವವರು. ಪ್ರತಿ ಬೇಸಿಗೆಯಲ್ಲೂ ನಾನೇ ಹೋಗಿ ತರುತ್ತೇನೆ, ಅವ್ವ ಒಮ್ಮೆಯೂ ಹೋಗಿದ್ದಿಲ್ಲ. ದಾರಿಯಲ್ಲಿ ನಡೆಯುತ್ತ ನೆನಪು ಮಾಡಿಕೊಂಡೆ. ಸಾವಂತ್ರೆವ್ವ ಹಿಟ್ಟು ನಾದುವಾಗ, ಶಾವಿಗೆ ಎಳೆಯುವಾಗ, ಕೋಲಿನ ಮೇಲೆ ಬಿಸಿಲಿಗೆ ಹಾಕುವಾಗ, ಯಾವಾಗಲೂ ಅವರ ಬಲಗೈಗೆ ಸೆರಗು ಸುತ್ತಿರುತ್ತಿತ್ತು. ಸಾವಿರ ಸಲ ನೋಡಿದ್ದೆ. ತೋಳಿಗೆ ಹಿಟ್ಟು ಮೆತ್ತಬಾರದೆಂದು ಸುತ್ತಿಕೊಳ್ಳುತ್ತಾರೆ ಎಂದುಕೊಂಡಿದ್ದೆ.

ಅವರು ಅಂಗಳದಲ್ಲಿ ಮಣೆಯ ಮೇಲೆ ಕೂತಿದ್ದರು. ಎರಡು ಬಿದಿರು ಕೋಲುಗಳ ನಡುವೆ ಶಾವಿಗೆ ಇಳಿಬಿದ್ದಿತ್ತು. ಸೊಸೆ ಒಳಗೆ ಅಡುಗೆ ಮಾಡುತ್ತಿದ್ದಳು. ನಾನು ಬಂದ ಕಾರಣ ಹೇಳಿದೆ. "ತುಂಗವ್ವ ಅನ್ನೂ ಹೆಸರಿನವರು ಈ ಮನ್ಯಾಗ ಯಾರರ ಇದ್ರೇನ್ರಿ?"

"ಇಲ್ಲ" ಎಂದರು ಸಾವಂತ್ರೆವ್ವ. ಶಾವಿಗೆಯ ಒಂದು ಎಳೆ ಕಡಿದು ಕೆಳಗೆ ಬಿತ್ತು. ಅದನ್ನು ಎತ್ತಿ ತಟ್ಟೆಗೆ ಹಾಕಿದರು. ಇನ್ನೊಂದು ಎಳೆ ಸರಿ ಮಾಡಿದರು. ಆಮೇಲೆ ಒಳಗಿನ ಕಡೆ ನೋಡಿ, ದನಿ ತಗ್ಗಿಸಿ, "ಯಾರು ಹೇಳಿದ್ರು ನಿಂಗ? ನಿಮ್ಮವ್ವನಾ?" ಎಂದರು.

"ಇಲ್ರಿ. ಮೋದಿನಸಾಬರ ಬುಕ್ಕಿನಾಗ ಇತ್ತು."

"ಹೌದಾ. ನಾ ಅನ್ಕೊಂಡೆ, ಚಂಪಿ ಹೇಳಿರಬೇಕು ಅಂತ."

ನನ್ನ ಅವ್ವನನ್ನು ಚಂಪಿ ಎಂದು ಕರೆದವರನ್ನು ನಾನು ಅದೇ ಮೊದಲು ಕಂಡದ್ದು. ಪಕ್ಕದಲ್ಲಿ ಕೂತೆ. ಅವರು ಕೆಲಸ ನಿಲ್ಲಿಸಲಿಲ್ಲ. ಕೈ ಓಡುತ್ತಿತ್ತು, ಮಾತೂ ಅದರ ಜೊತೆಗೇ ಬಂತು.

"ಹತ್ತೊಂಬತ್ತು ವರ್ಷ ನಂಗ. ಲಗ್ನ ಆಗಿ ನಾಕು ತಿಂಗಳಾಗಿತ್ತು. ನಾದಿನಿ ಸೀಮಂತಕ್ಕ ಉಂಡಿ ಕಟ್ಟೂದಿತ್ತು, ಬೆಲ್ಲದ ಪಾಕ ಇಳಸಾಕ ಹೋದೆ. ಕೊಪ್ಪರಿಗಿ ವಾಲಿತು. ಮೊಣಕೈಯಿಂದ ಮುಂಗೈತನಕ ಹೋತು. ಎರಡು ತಿಂಗಳಿಗೆ ಗಾಯ ಮಾಯ್ತು, ಕಲೆ ಉಳೀತು. ಹೊರಗ ಹೋಗೂ ಮುಂದ ಸೆರಗು ಸುತ್ಕೊಂಡು ಹೋದೆ. ಅಷ್ಟೇ ನಾ ಮಾಡಿದ್ದು. ಮೂರನೇ ದಿನಕ್ಕ ಊರಾಗಿನ ಹೆಣಮಕ್ಕಳೆಲ್ಲಾ ಬಲಗೈಗೆ ಸೆರಗು ಸುತ್ಕೊಂಡು ತಿರಗ್ಯಾಡಿದ್ರು."

"ನಿಮಗ ಸಿಟ್ಟು ಬರಲಿಲ್ಲೇನ್ರಿ?"

"ಸಿಟ್ಟ್ಯಾಕ? ನನ್ನ ಬಾಳೆದಾಗ ಅಷ್ಟ್ ಸುಖದ ದಿನಾ ನಾ ಕಂಡೇ ಇಲ್ಲ. ಸಂತ್ಯಾಗ ಹೋದ್ರ ಸಾವಿರ ಕೈ, ಎಲ್ಲಾ ಮುಚ್ಚಿದ್ದು. ಯಾವುದರಾಗ ಏನೈತಿ ಯಾರಿಗೆ ಗೊತ್ತು. ನಲವತ್ತು ದಿನಾ ನಾ ಎಲ್ಲಾರಂಗ ಇದ್ದೆ." ಅವರು ಒಂದು ಎಳೆಯನ್ನು ಉದ್ದಕ್ಕೆ ಎಳೆದು ಕೋಲಿಗೆ ಹಾಕಿದರು. "ನಲವತ್ತೊಂದನೇ ದಿನಾ ಬಾವಿಗೆ ನೀರಿಗೆ ಹೋದೆ. ಎಲ್ಲಾರ ಕೈ ಬಿಚ್ಚಿತ್ತು. ನಂದೊಂದು ಮುಚ್ಚಿತ್ತು. ಕಲೆ ಏನು ನಲವತ್ತು ದಿನಕ್ಕ ಹೋಗತೈತೇನು? ಅಲ್ಲೊಬ್ರು ಅಂದ್ರು, 'ತುಂಗಿಗೆ ಇನ್ನೂ ತುಂಗಿ ಇಳದಿಲ್ಲ' ಅಂತ. ಎಲ್ಲಾರೂ ನಕ್ಕರು. ಆ ಮಾತು ಬಾಳ ಚಲೋ ಇತ್ತು ನೋಡು, ಊರಿಗೆ ಹಿಡಿಸ್ತು. ಅಂದಿನಿಂದ ಬಿಡಲಿಲ್ಲ."

ಅವರು ಕೋಲಿನ ಮೇಲಿನ ಎಳೆಗಳನ್ನು ಬಿಡಿಸಿ ಸರಿ ಮಾಡಿದರು.

"ನಮ್ಮತ್ತಿ ಎರಡ್ ವರ್ಷ ತಡಕೊಂಡ್ಲು. ಆಮ್ಯಾಲ ಸಾವಂತ್ರೆವ್ವ ಅಂತ ಹೆಸರಿಟ್ಲು. ನನ್ನ ಸೊಸಿಗೆ ಇವತ್ತಿಗೂ ಗೊತ್ತಿಲ್ಲ. ಐವತ್ತು ವರ್ಷ ಆತು, ದಿನಾ ಊರೆಲ್ಲಾ ನನ್ನ ಹೆಸರು ಕೂಗತೈತಿ. ನಾನೊಬ್ಬಾಕಿ ಓ ಅನ್ನಂಗಿಲ್ಲ."

"ಬಾವಿ ಕಟ್ಟಿ ಮ್ಯಾಲ ಆ ಮಾತು ಅಂದವರು ಯಾರ್ರಿ?" ಎಂದೆ.

ಅವರು ಮೊದಲ ಸಲ ಕೈ ನಿಲ್ಲಿಸಿ ನನ್ನನ್ನು ನೋಡಿದರು. "ಮನಿಗೆ ಹೋಗಿ ನಿಮ್ಮವ್ವನ್ನ ಕೇಳು" ಎಂದರು.

ಅಂಗಳದ ಬಾಗಿಲವರೆಗೆ ಹೋದವಳನ್ನು ಮತ್ತೆ ಕರೆದರು. "ಬರೀತೀಯೋ ಬಿಡ್ತೀಯೋ ನಿಂಗ ಬಿಟ್ಟದ್ದು. ಬರದ್ರ ಹೆಸರು ಪೂರಾ ಬರಿ. ಮತ್ತ ನಾ ಬಿಟ್ಟಿಲ್ಲ ಅನ್ನೂದೂ ಬರಿ."

ಅವ್ವ ನನ್ನ ಮುಖ ನೋಡಿಯೇ ಎಲ್ಲಿಂದ ಬಂದೆನೆಂದು ತಿಳಿದುಕೊಂಡಳು. ಒಲೆಯ ಮೇಲೆ ಇದ್ದ ಹಾಲು ಇಳಿಸಿದಳು. ಗೋಡೆಗೆ ಬೆನ್ನು ಹಚ್ಚಿ ಕೂತಳು. ಕೇಳುವ ಮೊದಲೇ, "ನಾನೇ ಅಂದಾಕಿ" ಎಂದಳು.

"ಆಗ ನಾವಿಬ್ಬರೂ ಗೆಳತ್ಯಾರು. ಅಕಿ ಕೈ ಸುಟ್ಟಾಗ ಬಾಜೂಕ ನಾನೇ ಇದ್ದೆ. ಕೊಪ್ಪರಿಗಿ ಆ ಕಡೆ ನಾ ಹಿಡದಿದ್ದೆ. ನಂದು ಜಾರಲಿಲ್ಲ, ಅಕೀದು ಜಾರ್ತು. ಗಾಯ ಮಾಯ್ದ ಮ್ಯಾಲ ಅಕಿ ಹೊರಗ ಬರಾಕ ಒಲ್ಲೆ ಅಂದ್ಲು. ನಾ ಅಂದೆ, ನೀ ಸೆರಗು ಸುತ್ಕೋ, ನಾನೂ ಸುತ್ಕೋತೀನಿ, ಇಬ್ಬರೂ ಕೂಡಿ ಹೋಗೂಣು ಅಂತ. ನೀ ಒಬ್ಬಾಕಿನ ಆಗೂದು ಬ್ಯಾಡ ಅಂತ ಸುತ್ಕೊಂಡೆ, ವತ್ಸಲಾ. ಊರು ಹಿಂದ ಬರತೈತಿ ಅಂತ ನಂಗೇನು ಗೊತ್ತು."

"ಮತ್ತ ಬಾವಿ ಕಟ್ಟಿ ಮ್ಯಾಲ?"

ಅವ್ವ ತನ್ನ ಬಲಗೈಯನ್ನು ಮಗುಚಿ ನೋಡಿಕೊಂಡಳು. "ನಲವತ್ತೊಂದನೇ ದಿನಾ ಮುಂಜಾನೆ ಎದ್ದೆ. ಸೆರಗು ಬಿಚ್ಚಿತ್ತು. ಯಾಕ ಸುತ್ಕೊಂಡಿದ್ದೆ ಅನ್ನೂದೇ ನೆಪ್ಪಿಗೆ ಬರಲಿಲ್ಲ. ಎಲ್ಲಾರ ಜೋಡಿ ನಂದೂ ಇಳದುಬಿಟ್ಟಿತ್ತು. ಬಾವಿಗೆ ಹೋದೆ, ಅಕಿ ಬಂದ್ಲು, ಕೈ ಮುಚ್ಕೊಂಡು. ಬಾಯಿಗೆ ಮಾತು ಬಂತು, ಅಂದೆ. ಎಲ್ಲಾರೂ ನಕ್ಕ ಮ್ಯಾಲ ನಂಗ ನೆಪ್ಪಾತು. ಆಗ ಅಕಿ ಕೊಡಾ ತಗೊಂಡು ಹೋಗಿಬಿಟ್ಟಿದ್ಲು."

"ಹೋಗಿ ಒಂದ್ ಮಾತು ಹೇಳಲಿಲ್ಲೇನವ್ವಾ?"

"ನಾಳೆ ಹೋಗೂಣು, ನಾಳೆ ಹೋಗೂಣು ಅಂತ" ಎಂದು ಅಷ್ಟಕ್ಕೇ ನಿಲ್ಲಿಸಿದಳು. ಹಾಲು ಕೆನೆಗಟ್ಟಿತ್ತು.

ನಾನು ನಮೂದು ಬರೆದು ಸಲಹೆಗಾರರಿಬ್ಬರ ಮುಂದೆ ಇಟ್ಟೆ. 'ತುಂಗಿ: ನಾಮಪದ. ನಲವತ್ತು ದಿನದ ಹವಾ. ಬಂದು ಹೋಗುವ ಹುಚ್ಚು. ಮೂಲ: ಗಿರಣಿ ಮನೆಯ ತುಂಗವ್ವ ಎಂಬವರ ಹೆಸರಿನಿಂದ. ಸುಟ್ಟ ಕೈಗೆ ಅವರು ಸೆರಗು ಸುತ್ತಿಕೊಂಡರು. ಊರು ಅನುಸರಿಸಿ ನಲವತ್ತು ದಿನಕ್ಕೆ ಬಿಟ್ಟಿತು. ಅವರು ಬಿಟ್ಟಿಲ್ಲ.' ಬಾವಿಕಟ್ಟೆಯ ಮಾತು ಯಾರದೆಂದು ಬರೆಯಲಿಲ್ಲ. ಮಗಳಾಗಿ ಅಷ್ಟು ಮೋಸ ಮಾಡಿದೆ. ಆಚಾರ್ಯರು ಎರಡು ಸಲ ಓದಿ, ತಾವು ತಂದಿದ್ದ ಹನ್ನೆರಡು ಹಾಳೆಯ ಟಿಪ್ಪಣಿಯನ್ನು ಮಡಚಿ ಚೀಲದಲ್ಲಿಟ್ಟುಕೊಂಡರು. "ನನ್ನ ಅಕ್ಕಾನೂ ಸುತ್ಕೋತಿದ್ಲು. ನಾ ನೋಡೇನಿ" ಎಂದರು. ಫಕೀರಪ್ಪ, "ಸುಟ್ಟ ಕಲೆಗೆ ನನ್ನ ಹತ್ರ ಎಣ್ಣಿ ಇತ್ತು, ಐವತ್ತು ವರ್ಷ ಬಾಜೂಕ ಇದ್ರೂ ಯಾರೂ ಹೇಳಲಿಲ್ಲ" ಎಂದು ಬೇಸರಪಟ್ಟರು. ಅವತ್ತು ಎಲ್ಲರೂ ದನಿ ಎತ್ತಿ ಮಾತಾಡಬಹುದಾಗಿತ್ತು, ಆದರೂ ಇಬ್ಬರೂ ಮೆತ್ತಗೆ ಮಾತಾಡಿದರು.

ಪುಸ್ತಕ ಅಚ್ಚಾಗಿ ಬಂತು. ಬಿಡುಗಡೆಯ ದಿನ ಪುರಸಭೆ ಅಧ್ಯಕ್ಷರು ಬೇರೆ ಯಾವ ಪದವೂ ಸಿಗಲಿಲ್ಲವೆಂಬಂತೆ ಇದೊಂದನ್ನೇ ಮೈಕಿನಲ್ಲಿ ಓದಿದರು. ಜನ ಸುಮ್ಮನಾದರು. ಎಷ್ಟು ಸುಮ್ಮನಾದರೆಂದರೆ ನನಗೆ ಆಗಲೇ ಅನುಮಾನ ಬರಬೇಕಿತ್ತು. ಮರುದಿನ ಗಿರಣಿ ಮನೆಯ ಮುಂದೆ ಇಪ್ಪತ್ತು ಜನ ಇದ್ದರು. ಮೂರನೆಯ ದಿನಕ್ಕೆ ಸಾಲು ಅಂಚೆ ಕಚೇರಿ ದಾಟಿತ್ತು. ತುಂಗವ್ವನನ್ನು ನೋಡಿ ಬರುವುದು ತುಂಗಿಯಾಗಿಬಿಟ್ಟಿತ್ತು.

ಕುಬಸದ ಖಣ, ಬಾಳೆಹಣ್ಣು, ಹೂವು ಹಿಡಿದು ಬಂದರು. ಕಾಲಿಗೆ ಬಿದ್ದರು. ತಪ್ಪಾಯಿತು ಎಂದರು, ಆಗ ಹುಟ್ಟೇ ಇರದಿದ್ದವರೂ ಅಂದರು. ಕೆಲವರು ಕಣ್ಣೀರು ಹಾಕಿ, ಒರೆಸಿಕೊಂಡು, ಹಿಂದಿನವರಿಗೆ ಜಾಗ ಬಿಟ್ಟರು. ಆ ತಿಂಗಳು ಹುಟ್ಟಿದ ಮೂರು ಹೆಣ್ಣುಮಕ್ಕಳಿಗೆ ತುಂಗಾ ಎಂದು ಹೆಸರಿಟ್ಟರು. ನನಗೆ ನಾಚಿಕೆಯಾಯಿತು. ಒಬ್ಬ ಹೆಂಗಸಿನ ಹೆಸರು ಅವಳಿಗೆ ಹಿಂತಿರುಗಿಸಲು ಹೋಗಿ ಅವಳನ್ನೇ ಮತ್ತೊಮ್ಮೆ ತುಂಗಿ ಮಾಡಿಬಿಟ್ಟಿದ್ದೆ. ಐದನೆಯ ದಿನ ಸಾಲಿನ ಪಕ್ಕದಿಂದ ನುಸುಳಿ ಒಳಗೆ ಹೋಗಿ, "ತಪ್ಪಾತ್ರಿ" ಎಂದೆ.

"ಸಾಲಿನಾಗ ನಿಂತು ಹೇಳು. ಎಲ್ಲಾರೂ ನಿಂತಾರ" ಎಂದರು ತುಂಗವ್ವ. ಕಣ್ಣಿನಲ್ಲಿ ನಗುವಿತ್ತು. "ಹೆದರಬ್ಯಾಡ. ನಲವತ್ತು ದಿನಾ ಅನ್ನೂದು ನನಗಿಂತ ಯಾರಿಗೆ ಚಲೋ ಗೊತ್ತೈತಿ. ಮೊದಲನೇ ಸಲ ಗೊತ್ತಿರಲಿಲ್ಲ, ಅದಕ್ಕ ತ್ರಾಸ ಆತು. ಈ ಸಲ ಬಂದವರ ಕಡೆ ಕೆಲಸ ಮಾಡಸ್ತೀನಿ."

ಹೇಳಿದಂತೆಯೇ ಮಾಡಿದರು. ಕಾಲಿಗೆ ಬಿದ್ದವರನ್ನು ಎಬ್ಬಿಸಿ ಹಿಟ್ಟು ನಾದಲು ಕೂಡಿಸಿದರು. ಕಣ್ಣೀರು ಹಾಕುವವರನ್ನು ದೂರ ಕೂಡಿಸಿ, ಶಾವಿಗೆಗೆ ನೀರು ಹೆಚ್ಚಾಗುತ್ತದೆ ಎಂದರು. ಧೋಂಡಾಚಾರ್ಯರು ಬಿದಿರು ಕೋಲು ಹಿಡಿದು ಬಿಸಿಲಿನಲ್ಲಿ ನಿಂತರು. ಫಕೀರಪ್ಪ ಎಣ್ಣೆಯ ಸೀಸೆ ತಂದು ಕೊಟ್ಟು, ಅದನ್ನು ತುಂಗವ್ವ ಬಾಗಿಲಿನ ಕೀಲಿಗೆ ಬಿಟ್ಟಾಗ ಏನೂ ಅನ್ನಲಾರದೆ ರವೆ ಸೋಸಲು ಕೂತರು. ಕೈ ತೋರಿಸಿ ಎಂದು ಕೇಳಿದವರಿಗೆ, "ಸುಟ್ಟಿದ್ದು ನೋಡಾಕ ನಿಮ್ಮ ಮನ್ಯಾಗ ರೊಟ್ಟಿ ಇಲ್ಲೇನು" ಎಂದು ಹೇಳಿ ಮುಂದಿನವರನ್ನು ಕರೆದರು. ಸೊಸೆ ಎಲ್ಲರ ಎದುರಿಗೆ ಅತ್ತೆಯನ್ನು ಹೊಸ ಹೆಸರಿನಿಂದ ಪರಿಚಯ ಮಾಡಿಕೊಡುತ್ತ, ಮಧ್ಯೆ ಮಧ್ಯೆ ತಪ್ಪಿ ಹಳೆಯದನ್ನೇ ಹೇಳುತ್ತಿದ್ದಳು. ಯಾವುದು ಹೊಸದು ಯಾವುದು ಹಳೆಯದು ಎಂಬುದೇ ಅವಳಿಗೆ ಗೊಂದಲವಾಗಿತ್ತು. ಆ ವರ್ಷದಷ್ಟು ಶಾವಿಗೆ ನಮ್ಮ ಊರು ಹಿಂದೆ ತಿಂದಿರಲಿಲ್ಲ.

ನನ್ನ ಅವ್ವ ಒಬ್ಬಳೇ ಹೋಗಲಿಲ್ಲ.

ಮೂರನೆಯ ದಿನ ಸಂಜೆ ಅವಳಿಗೆ ಬಿಕ್ಕಳಿಕೆ ಹತ್ತಿತು. ಹುಟ್ಟಿದಾಗಿನಿಂದ ತುಂಗಿಗೆ ಬಿಕ್ಕದವಳು. ಮೊದಮೊದಲು ತಾಸಿಗೆ ಒಂದು, ಆಮೇಲೆ ನಿಮಿಷಕ್ಕೆ ಒಂದು. ಸಕ್ಕರೆ ಬಾಯಿಗೆ ಹಾಕಿಕೊಂಡಳು, ಉಸಿರು ಕಟ್ಟಿದಳು, ಏನೂ ಆಗಲಿಲ್ಲ. ಊಟಕ್ಕೆ ಕೂತರೆ ತುತ್ತು ಕೈಯಿಂದ ಜಿಗಿಯುತ್ತಿತ್ತು. ದೇವರ ಮುಂದೆ ಹಾಡು ಹೇಳಿದರೆ ಒಂದೊಂದು ಸಾಲೂ ಎರಡು ತುಂಡಾಗುತ್ತಿತ್ತು.

"ಒಂದ್ ಸಲ ಹೋಗಿ ಬಾರವ್ವಾ. ಬಿಕ್ಕಳಿಕಿ ನಿಂದರತಾವ" ಎಂದೆ.

"ಬಿಕ್ಕಲಿ ಬಿಡು" ಎಂದಳು.

ದಿನಗಳು ಕಳೆದ ಹಾಗೆ ನನ್ನ ಅನುಕಂಪ ಸಿಟ್ಟಾಗಿ ತಿರುಗಿತು. ಇಪ್ಪತ್ತನೆಯ ದಿನ ತುಂಗವ್ವ ಹಿಟ್ಟಿನ ಕೈಯನ್ನು ಒರೆಸಿಕೊಳ್ಳುತ್ತ, ಬೇರೆ ಯಾರಿಗೂ ಕೇಳಿಸದ ಹಾಗೆ, "ಚಂಪಿಗೆ ಆರಾಮ ಐತಿಲ್ಲೋ?" ಎಂದು ಕೇಳಿದರು. ಮನೆಗೆ ಬಂದು ಅವ್ವನಿಗೆ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ತಪ್ಪು ಮಾಡದ ಸಾವಿರ ಜನ ಹೋಗಿ ತಪ್ಪಾಯಿತೆಂದು ಬಂದರು, ತಪ್ಪು ಮಾಡಿದವಳು ನೀನೊಬ್ಬಳು, ಗೆಜ್ಜೆ ಕೊಡೆ ಹಿಡಿದು ಸಂತೆಗೆ ಹೋಗಲು ಕಾಲಿದೆ, ಎರಡು ಓಣಿ ಆಚೆ ಹೋಗಲು ಕಾಲಿಲ್ಲ ಎಂದೆ. ಅವ್ವ ನನ್ನನ್ನು ನೋಡುತ್ತ ಕೂತಳು. ಒಂದು ಸಲ ಬಿಕ್ಕಿದಳು. "ಆತಿಲ್ಲೋ ನಿಂದು? ಊಟಕ್ಕ ಏಳು" ಎಂದಳು. ಆಮೇಲೆ ನಾವಿಬ್ಬರೂ ಹೆಚ್ಚು ಮಾತಾಡಲಿಲ್ಲ. ಮನೆಯಲ್ಲಿ ಅವಳ ಬಿಕ್ಕಳಿಕೆಯ ಸದ್ದೊಂದೇ ಉಳಿಯಿತು.

ಬರಬರುತ್ತ ಅವಳು ಸೊರಗಿದಳು. ಮೂವತ್ತೈದನೆಯ ದಿನದ ಹೊತ್ತಿಗೆ ಮಲಗಿದಲ್ಲಿಂದ ಏಳುವುದೇ ಕಷ್ಟವಾಗಿತ್ತು. ಪಕ್ಕದ ಮನೆಯವರು ಬಾಗಿಲಲ್ಲಿ ನಿಂತು, ಎತ್ತಿಕೊಂಡಾದರೂ ಗಿರಣಿ ಮನೆಗೆ ಹೋಗಿ ಒಮ್ಮೆ ತುಂಗವ್ವನನ್ನು ತೋರಿಸಿ ತರೋಣ ಎಂದರು. ಅವ್ವ ಮಂಚದ ಪಟ್ಟಿ ಹಿಡಿದುಕೊಂಡು, ಬೇಡವೆಂದು ತಲೆಯಾಡಿಸಿದಳು.

ನಲವತ್ತೊಂದನೆಯ ದಿನ ಬೆಳಿಗ್ಗೆ ಎಚ್ಚರವಾದಾಗ ಮನೆ ನಿಶ್ಶಬ್ದವಾಗಿತ್ತು. ಗಾಬರಿಯಿಂದ ಎದ್ದೆ. ಅವ್ವ ಸ್ನಾನ ಮಾಡಿ, ತಲೆ ಬಾಚಿ, ಗೋಡೆ ಹಿಡಿದುಕೊಂಡು ಹೊಸ್ತಿಲು ದಾಟುತ್ತಿದ್ದಳು. ಎಲ್ಲಿಗೆ ಎಂದು ಕೇಳಿದ್ದಕ್ಕೆ ಹಿಂತಿರುಗಿ ನೋಡಲಿಲ್ಲ. ನಾನು ಚಪ್ಪಲಿ ಮೆಟ್ಟಿ ಹಿಂದೆಯೇ ಹೊರಟೆ, ಹತ್ತಿರ ಹೋಗಿ ಕೈ ಹಿಡಿಯಲು ಧೈರ್ಯವಾಗಲಿಲ್ಲ. ಓಣಿಯಲ್ಲಿ ಜನ ತಮ್ಮ ತಮ್ಮ ಕೆಲಸಕ್ಕೆ ಹೊರಟಿದ್ದರು. ಅಂಚೆ ಕಚೇರಿಯ ಮುಂದೆ ಯಾರೂ ಇರಲಿಲ್ಲ. ಗಿರಣಿ ಮನೆಯ ಅಂಗಳದಲ್ಲಿ ನಿನ್ನೆಯ ಹೂವು ಮೂಲೆಗೆ ಗುಡಿಸಿತ್ತು. ತುಂಗವ್ವ ಒಬ್ಬರೇ ಮಣೆಯ ಮೇಲೆ ಕೂತು ಹಿಟ್ಟು ಕಲಸುತ್ತಿದ್ದರು.

ಅವ್ವ ಅಂಗಳದ ನಡುವೆ ಹೋಗಿ ನಿಂತಳು. ತುಂಗವ್ವ ತಲೆಯೆತ್ತಿ ನೋಡಿ, ಮತ್ತೆ ಹಿಟ್ಟಿನ ಕಡೆ ನೋಡಿದರು.

"ಈಗ ಬಂದಿ?"

"ಈಗ ಬಂದೆ."

"ನಲವತ್ತು ದಿನಾ ಊರಿಗೆ ಊರೇ ಬಂದಿತ್ತು, ಚಂಪಿ."

"ಅದಕ್ಕ ಬರಲಿಲ್ಲ" ಎಂದಳು ಅವ್ವ. ನಿಲ್ಲಲು ಆಗುತ್ತಿರಲಿಲ್ಲ, ಶಾವಿಗೆಯ ಕೋಲು ಹಿಡಿದುಕೊಂಡಳು. "ಎಲ್ಲಾರ ಜೋಡಿ ಬಂದು ಎಲ್ಲಾರ ಜೋಡಿ ಹೋಗೂದು ಒಂದ್ ಸಲ ಮಾಡೇನಿ. ಇನ್ನೊಂದ್ ಸಲ ಬ್ಯಾಡಂತ ಕಾದೆ."

ತುಂಗವ್ವ ಹಿಟ್ಟು ನಾದಿ ಮುಗಿಸಿದರು. ಆಮೇಲೆ ಎಡಗೈಯಿಂದ ಇನ್ನೊಂದು ಮಣೆ ಎಳೆದು ತಮ್ಮ ಪಕ್ಕಕ್ಕೆ ಹಾಕಿದರು. "ಬಾಳ ಸೊರಗೀದಿ. ಕೂಡು. ಚಹಾ ಕುಡ್ದು ಆಮ್ಯಾಲ ಹೇಳೂದು ಹೇಳು."

ಅವ್ವ ಕೂತಳು. ನನಗೆ ಶಾಲೆಗೆ ಹೊತ್ತಾಗಿತ್ತು. ಸಂಜೆ ಕರೆದುಕೊಂಡು ಹೋಗಲು ಬಂದಾಗ ಇಬ್ಬರೂ ಅಲ್ಲೇ ಇದ್ದರು, ಕೊಪ್ಪರಿಗೆಯ ಯಾವ ಕಡೆಯ ಹಿಡಿ ಸಡಿಲವಾಗಿತ್ತು ಎಂದು ಜಗಳವಾಡುತ್ತಿದ್ದರು. ಅವ್ವ ನನ್ನನ್ನು ಕಂಡು, "ನೀ ಹೋಗು, ನಾ ಆಮ್ಯಾಲ ಬರ್ತೀನಿ" ಎಂದಳು. ಮರುದಿನವೂ ಹೋದಳು, ಅದರ ಮರುದಿನವೂ. ಎಷ್ಟನೆಯ ದಿನ ಎಂದು ಮೋದಿನಸಾಬರು ಮೊನ್ನೆ ಕೇಳಿದರು. ನಾನು ಎಣಿಸಿಲ್ಲ.